ಹತ್ತೊಂಬತ್ತು ದಿನ

ಲಿಂಗಸುಗೂರಿನ ತಹಶೀಲ್ ಕಚೇರಿ ಎದುರು
ಬೇವಿನ ಬುಡಕ್ಕೆ ನನ್ನ ಟೇಬಲ್ಲು.
ಇಪ್ಪತ್ತೆರಡು ವರ್ಷದಿಂದ ನಾನು ಟೈಪು ಮಾಡಿರುವುದು
ಹೆಚ್ಚುಕಡಿಮೆ ಒಂದೇ ವಾಕ್ಯ:
ಸದರಿ ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಇರುತ್ತಾನೆ.

ಪಹಣಿಯಲ್ಲಿ ಹುಸೇನಪ್ಪ, ಆಧಾರಿನಲ್ಲಿ ಉಸೇನಪ್ಪ,
ಒಬ್ಬನೇ.
ಶಾಲೆಯಲ್ಲಿ ಯಂಕೋಬ, ರೇಷನ್ ಕಾರ್ಡಿನಲ್ಲಿ ವೆಂಕೋಬ,
ಒಬ್ಬನೇ ಇರುತ್ತಾನೆ, ಪ್ರಮಾಣ ಮಾಡಿ ಹೇಳುತ್ತಾನೆ,
ನೋಟರಿ ಸೀಲು ಬೀಳುತ್ತದೆ. ಐವತ್ತು ರೂಪಾಯಿ.

ಮಿಲಿಟ್ರಿ ಮೌಲಪ್ಪ ಬಂದ ದಿನ
ಬಿಸಿಲಿಗೆ ಕಾರ್ಬನ್ ಹಾಳೆ ಬೆರಳಿಗೇ ಅಂಟುತ್ತಿತ್ತು.
ಮುದಗಲ್ಲಿನವ. ಅಲಾಯಿ ಕೂತ ವಾರ ಹುಟ್ಟಿದವ,
ಅದಕ್ಕೇ ಮೌಲಾಲಿಯ ಹೆಸರು.
ಗೊಬ್ಬರದ ಚೀಲದಿಂದ ಪುಸ್ತಕ ತೆಗೆದ,
ಒಂದು ಮೂಲೆ ಇಲಿ ಕಡಿದದ್ದು.

ಹೆಸರು ತಪ್ಪೈತೇನು ತಾತ?
ಇಲ್ಲವ್ವಾ, ಹೆಸರು ಸರಿ ಐತಿ.
ಹುಟ್ಟಿದ ತಾರೀಖು?
ಅದು ತಪ್ಪೇ, ಇರ್ಲಿ ಬಿಡು, ನಮ್ಮವ್ವಗೂ ಗೊತ್ತಿದ್ದಿಲ್ಲ.
ಹನ್ನೊಂದನೇ ಪುಟ ತೆರೆದು ಬೆರಳಿಟ್ಟ.
ಆಸ್ಪತ್ರೆ. ಎದೆ. ಹತ್ತೊಂಬತ್ತು ದಿನ.
ಇದು ನಂದಲ್ಲ.

ಮೂವತ್ತೊಂದು ವರ್ಷ ಟ್ರಂಕಿನಲ್ಲಿತ್ತಂತೆ.
ಇಂಗ್ಲಿಷಿನ ಆ ಗೀಚು ಓದಿದವರಿಲ್ಲ.
ಮೊನ್ನೆ ರಾಯಚೂರಿನಲ್ಲಿ, ಮಾಜಿ ಸೈನಿಕರ ಕಾರ್ಡಿಗೆ ಹೋದಾಗ
ಮೀಸೆ ಮೂಡದ ಗುಮಾಸ್ತ ಪುಟ ತಿರುವಿ
"ಎದಿ ಬ್ಯಾನಿ ಈಗ ಹೆಂಗೈತಿ ತಾತ?" ಅಂದ.
ಮೌಲಪ್ಪನಿಗೆ ಎದೆ ನೋವು ಬಂದದ್ದು
ಆಗಲೇ, ಅಲ್ಲೇ, ಆ ಕುರ್ಚಿಯಲ್ಲೇ.

ಅದು ಮೌನಪ್ಪನದು.
ಗಬ್ಬೂರಿನ ಮೌನಪ್ಪ, ತಿಂಥಣಿ ಮೌನೇಶನಿಗೆ ಹರಕೆ ಹೊತ್ತ ಕೂಸು.
ಒಂದೇ ಕಂಪನಿ, ಒಂದೇ ಟೆಂಟು, ಒಂದೇ ಸ್ಟೋವಿನ ಚಹಾ.
ಹಿಮದ ಮೇಲೆ ಅವನೆದೆಯಲ್ಲಿ ನೀರು ತುಂಬಿ
ಬಾಯಿಗೆ ನೊರೆ ಬಂದ ರಾತ್ರಿ
ಬೆಳಗಿನ ಹೆಲಿಕಾಪ್ಟರ್ ತನಕ ಹೊತ್ತವನು ಮೌಲಪ್ಪನೇ.
ಕೆಳಗೆ ಯಾವನೋ ಹೆಸರು ಬರೆದುಕೊಂಡ.
ನ ಇರಬೇಕಾದಲ್ಲಿ ಲ.
ಅಷ್ಟೇ.

ಮರುವರ್ಷ ರಜೆಗೆ ಬಂದ ಮೌನಪ್ಪ ಕೆಮ್ಮುತ್ತ ಊರಲ್ಲೇ ಸತ್ತ.
ಮನೆಯಲ್ಲಿ, ಕಾಯಿಲೆಯಿಂದ, ಎಂದಿತು ಅವನ ಕಾಗದ.
ಸೇವೆಗೂ ಸಾವಿಗೂ ಸಂಬಂಧವಿಲ್ಲ.
ದ್ಯಾವಮ್ಮನಿಗೆ ಸಾದಾ ಪಿಂಚಣಿ, ಮೇಲೆ
ಮಂದಿಯ ಹೊಲದಲ್ಲಿ ಹತ್ತಿ ಬಿಡಿಸುವ ಕೂಲಿ.
ಸಂಬಂಧವಿದ್ದ ಹತ್ತೊಂಬತ್ತು ದಿನ
ಮುದಗಲ್ಲಿನ ಟ್ರಂಕಿನಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ.

"ಬರಿ ತಂಗಿ. ನಾವಿಬ್ರೂ ಬ್ಯಾರೆ ಬ್ಯಾರೆ ಅಂತ ಬರಿ."

ನನ್ನ ಹತ್ತಿರ ಆ ನಮೂನೆ ಇರಲಿಲ್ಲ.
ಬೆರಳು ರೂಢಿಯ ಮೇಲೆ ಓಡಿ
ಒಬ್ಬನೇ ಇರುತ್ತಾನೆ ಎಂದು ಹೊಡೆದೇಬಿಟ್ಟಿತು.
ಬಿಳಿ ಬಣ್ಣ ಹಚ್ಚಿದೆ, ಊದಿದೆ.
ಒಣಗುವ ತನಕ ಇಬ್ಬರೂ ಸುಮ್ಮನೆ ಕೂತೆವು.

ಹೆದರಿಸಬೇಕೆಂದಲ್ಲ, ಹೇಳಿದೆ:
ಇಷ್ಟು ವರ್ಷ ಮೌನ ಯಾಕ ವಹಿಸಿದ್ರಿ ಅಂತ ಕೇಳ್ತಾರ, ನೋಡು.
"ಮೌನ ಅವನ ಹೆಸರು" ಅಂದ, "ನಂದಲ್ಲ."

ಸಹಿ ಮಾಡುವಾಗ ಲ ಅಕ್ಷರದ ಸುರುಳಿಗೆ ಬಂದು ನಿಂತ.
ಅದೊಂದನ್ನೇ ಮತ್ತೆ ಮತ್ತೆ ತೀಡಿ ದಪ್ಪ ಮಾಡಿದ,
ಹಾಳೆ ಹರಿಯುವಷ್ಟು.

ಮೊದಲ ಉತ್ತರ: ಮೂರು ಪ್ರತಿ ಕಳಿಸಿ.
ಎರಡನೆಯದು: ಕಡತ ಹಳೆಯದು, ಹುಡುಕಲಾಗುತ್ತಿದೆ.
ಮೂರನೆಯದನ್ನು ಒಡೆಯದೆ ಹಿಡಿದು ತಂದ.
ಲಕೋಟೆಯ ಮೇಲೆ ಮುದಗಲ್ಲಿನ ವಿಳಾಸ, ಓಣಿ ಸರಿ, ಪಿನ್ ಕೋಡ್ ಸರಿ.
ಹೆಸರು: ಮೌನಪ್ಪ.

ಹಣೆ ಚಚ್ಚಿಕೊಂಡೆ.
ತಿದ್ದುಪಡಿಗೊಂದು ತಿದ್ದುಪಡಿ ಬರೆಯಲು ಹಾಳೆ ಏರಿಸಿದೆ.

"ತಡಿ ತಂಗಿ" ಅಂದ.
"ಅವಗ ಬಂದ ಕಾಗದ. ನಾ ಒಡ್ಯಾದು ತಪ್ಪಾಗತೈತಿ."
ಎದೆಯ ಕಿಸೆಗಿಟ್ಟು ಗುಂಡಿ ಹಾಕಿಕೊಂಡು
ದೇವದುರ್ಗದ ಬಸ್ಸು ಎಷ್ಟೊತ್ತಿಗೆ, ಕೇಳಿದ.